ಮುಂದಿನ ಬಂಪರ್ ಬದಲಿಸುವ ಮುನ್ನ

ವಾಹನ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿದು ದೂರದ ಪ್ರಯಾಣದ ತಯಾರಿ ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಉಕ್ಕಿನ ಬಂಪರ್‌ ಕುರಿತವೇ ಹೆಚ್ಚು. ಅವುಗಳಲ್ಲಿ ಆರನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 2023ರ ಜಿಮ್ನಿ. ಸಕಲೇಶಪುರದ ಹತ್ತಿರ ಕಾಫಿ ತೋಟ. ಗೇಟಿನಿಂದ ಮನೆಯವರೆಗೆ ಕಲ್ಲು, ಕೆಸರು, ಏರು. ಮುಂದಿನ ವರ್ಷ ಲಡಾಖ್‌ಗೂ ಹೋಗುವವರಿದ್ದೇವೆ. ಹಾಸನದ ವೆಲ್ಡಿಂಗ್ ಶಾಪ್‌ನವರು 4 ಮಿ.ಮೀ. ಶೀಟಿನಲ್ಲಿ ಪೂರ್ತಿ ಬಂಪರ್ ಮಾಡಿ, ಅದರೊಳಗೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಯಾವ ವಿನ್ಯಾಸ ಹೇಳಲಿ?
(ಓದುಗರು, ಸಕಲೇಶಪುರ)

ಉತ್ತರ: ವಿನ್ಯಾಸಕ್ಕೂ ಮೊದಲು ಒಂದು ಮಾತು: ಮಾಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್ (ಮೂತಿಯ ಮುಂದೆ ಬಿಗಿಯುವ ಲೋಹದ ಚೌಕಟ್ಟು) ಹಾಕಿದ ವಾಹನಗಳ ಮೇಲೆ ಕ್ರಮಕ್ಕೆ ಸೂಚಿಸಿತು. 2019ರ ತಿದ್ದುಪಡಿಯಲ್ಲಿ ಸೇರಿದ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ತೋಟದ ಒಳಗಷ್ಟೇ ಓಡುವ ಗಾಡಿಯ ಮಾತು ಬೇರೆ. ನಿಮ್ಮದು ಲಡಾಖ್‌ವರೆಗೂ ಸಾರ್ವಜನಿಕ ರಸ್ತೆಯಲ್ಲೇ ಓಡಬೇಕು.

ಕಾನೂನನ್ನು ಬದಿಗಿಟ್ಟರೂ ಲೆಕ್ಕ ಒಪ್ಪುವುದಿಲ್ಲ. 4 ಮಿ.ಮೀ. ಉಕ್ಕಿನ ಶೀಟು ಚದರ ಮೀಟರಿಗೆ 31.4 ಕೆ.ಜಿ. ತೂಗುತ್ತದೆ. ಪೂರ್ತಿ ಅಗಲದ ಬಂಪರ್‌ಗೆ ಮಡಿಕೆ, ಪಕ್ಕೆಗಳೆಲ್ಲ ಸೇರಿ ಒಂದೂವರೆ ಚದರ ಮೀಟರ್ ಬೇಕಾದರೆ 47 ಕೆ.ಜಿ. ಆಯಿತು. ಬ್ರಾಕೆಟ್ಟು, ಪೈಪು, ಬೋಲ್ಟು ಕೂಡಿದರೆ 60ರ ಹತ್ತಿರ. ವಿಂಚ್ ಮತ್ತು ಅದರ ತಟ್ಟೆ ಇನ್ನೊಂದು 30. ಈ 90 ಕೆ.ಜಿ. ಕೂರುವುದು ಮುಂದಿನ ಆಕ್ಸಲ್‌ನ ಮೇಲಲ್ಲ, ಅದರಿಂದ ಸುಮಾರು 600 ಮಿ.ಮೀ. ಆಚೆಗೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 2,590 ಮಿ.ಮೀ. ಆದ್ದರಿಂದ ಏತದ ಮರದ ಹಾಗೆ ಮುಂದಿನ ಆಕ್ಸಲ್ ಮೇಲೆ 111 ಕೆ.ಜಿ. ಹೆಚ್ಚಿ, ಹಿಂದಿನದರ ಮೇಲೆ 21 ಕೆ.ಜಿ. ಇಳಿಯುತ್ತದೆ. ಸ್ಪ್ರಿಂಗ್ ಕುಸಿಯುತ್ತದೆ, ಬ್ರೇಕ್ ಹಿಡಿದಾಗ ಮೂತಿ ಹೆಚ್ಚು ಬಾಗುತ್ತದೆ, ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಬೇಗ ಸವೆದು ಸ್ಟೇರಿಂಗ್ ನಡುಗಲು ಶುರುವಾಗುತ್ತದೆ.

ಇನ್ನೊಂದು ಲೆಕ್ಕವನ್ನು ತುಂಬ ಜನ ಹಾಕುವುದೇ ಇಲ್ಲ. ಜಿಮ್ನಿಯ ಗರಿಷ್ಠ ಒಟ್ಟು ತೂಕ 1,545 ಕೆ.ಜಿ. ಖಾಲಿ ಗಾಡಿಯೇ ಮಾದರಿಗೆ ತಕ್ಕಂತೆ 1,195ರಿಂದ 1,210 ಕೆ.ಜಿ. ಉಳಿಯುವುದು ಹೆಚ್ಚೆಂದರೆ 350. ತಲಾ 70 ಕೆ.ಜಿ.ಯ ನಾಲ್ವರು ಕೂತರೆ 280 ಮುಗಿಯಿತು. ಮಿಕ್ಕ 70 ಕೆ.ಜಿ.ಯಲ್ಲಿ ನಿಮ್ಮ ಬಟ್ಟೆಬರೆ, ನೀರು, ಟೆಂಟು ಎಲ್ಲ ಇರಬೇಕು. ವಿಂಚ್ ಸಮೇತದ ಬಂಪರ್ ಒಂದೇ ಅದನ್ನು ಮೀರುತ್ತದೆ. ಪ್ರಯಾಣದ ವಾಹನದಲ್ಲಿ ಸಾಗಿಸುವ ಶಕ್ತಿಗಿಂತ ಬೆಲೆಬಾಳುವುದು ಯಾವುದೂ ಇಲ್ಲ. ಅದನ್ನು ಉಕ್ಕಿಗೆ ಕೊಡಬೇಡಿ.

ಏರ್‌ಬ್ಯಾಗ್ ವಿಷಯವಂತೂ ಜೀವದ್ದು. ಪ್ಲಾಸ್ಟಿಕ್ ಮುಖದ ಹಿಂದೆ ಉಕ್ಕಿನ ತೊಲೆ, ಅದರ ಹಿಂದೆ ಬಡಿದಾಗ ಮಡಚಿಕೊಳ್ಳುವ ಪೆಟ್ಟಿಗೆಗಳಿರುತ್ತವೆ. ವೇಗ ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನು ಈ ಮಡಚುವಿಕೆಯೇ ನಿರ್ಧರಿಸುತ್ತದೆ. ಏರ್‌ಬ್ಯಾಗ್ ಕಂಪ್ಯೂಟರಿನ ಲೆಕ್ಕವೂ ಅದಕ್ಕೇ ಹೊಂದಿಸಿದ್ದು. ಗಟ್ಟಿ ಬಂಪರನ್ನು ನೇರ ಚಾಸಿಗೆ ಬಿಗಿದರೆ ಸಣ್ಣ ಬಡಿತದ ಏಟೂ ಸೀದಾ ಒಳಗೆ ಹೋಗಿ ಏರ್‌ಬ್ಯಾಗ್ ವಿನಾಕಾರಣ ತೆರೆಯಬಹುದು. ಏಟು ಬೇರೆ ದಾರಿಯಲ್ಲಿ ಹಂಚಿಹೋದರೆ ದೊಡ್ಡ ಅಪಘಾತದಲ್ಲಿ ತಡವಾಗಿ ತೆರೆಯಲೂಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಕಾಲು, ಸೊಂಟದ ಗತಿಯನ್ನೂ ಯೋಚಿಸಿ. ಪ್ಲಾಸ್ಟಿಕ್ ಬಂಪರ್ ಬಾಗುವುದು ಅವರ ಸಲುವಾಗಿ ಕೂಡ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಜಿಮ್ನಿಯ ಅಪ್ರೋಚ್ ಕೋನ, ಅಂದರೆ ಮೂತಿ ತಾಗದೆ ಹತ್ತಬಹುದಾದ ಏರಿನ ಕೋನ, 36 ಡಿಗ್ರಿ. ನಿಮ್ಮ ಏರಿಗೆ ಅದು ಧಾರಾಳ ಸಾಕು. ಕಲ್ಲು ಹೊಡೆಯುವುದು ಮೂತಿಗಿಂತ ಹೆಚ್ಚಾಗಿ ಹೊಟ್ಟೆಗೆ. ಎಂಜಿನ್ ಮತ್ತು ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ 3 ಮಿ.ಮೀ. ಉಕ್ಕಿನ ಅಥವಾ 5 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಹಾಕಿಸಿ. ಆಯಿಲ್ ಇಳಿಸುವ ಕಡೆ ತೂತು ಬಿಟ್ಟಿರಲಿ, ಕೆಸರು ಕಟ್ಟಿಕೊಳ್ಳದಂತೆ ಹಿಂದೆ ತೆರೆದಿರಲಿ. ಎಳೆಯಲು ಕೊಕ್ಕೆ ಎಲ್ಲೆಲ್ಲಿದೆ, ಯಾವುದು ಲಾರಿಯಲ್ಲಿ ಸಾಗಿಸುವಾಗ ಕಟ್ಟಲು ಮಾತ್ರ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ. ಕಟ್ಟುವ ಕೊಕ್ಕೆಗೆ ಹಗ್ಗ ಹಾಕಿ ಜಗ್ಗಿದರೆ ಅದು ಕಿತ್ತು ಗುಂಡಿನಂತೆ ಹಾರುತ್ತದೆ. ವಿಂಚ್‌ಗೆ ಬದಲು 1.6 ಟನ್ನಿನ ಕೈ ವಿಂಚ್ ಇಡಿ. ಮಲೆನಾಡಿನ ತೋಟಗಳಲ್ಲಿ ಮರ ಎಳೆಯಲು ಬಳಸುವ ಅದೇ ಸಾಧನ. ಒಂದು ಪುಲ್ಲಿ ಸೇರಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ. ಮರಕ್ಕೆ 75 ಮಿ.ಮೀ. ಅಗಲದ ಬೆಲ್ಟನ್ನೇ ಸುತ್ತಿರಿ; ತಂತಿ ಸುತ್ತಿದರೆ ತೊಗಟೆ ಸೀಳಿ ಮರ ಒಣಗುತ್ತದೆ. ಕೆಸರಿನಲ್ಲಿ ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಇದೆಲ್ಲ ಬೇಕಾಗುವುದೇ ಅಪರೂಪ. ಗಾಳಿ ತುಂಬುವ ಪಂಪು ಜೊತೆಗಿರಲಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಥಾರ್ (2021) ಕೊಂಡೆ. ಮುಂದೆ ದಪ್ಪ ಉಕ್ಕಿನ ಬಂಪರ್ ಹಾಕಿದ್ದಾರೆ. ಮೂಲದ್ದು ಇಲ್ಲ. ಹಾಗೇ ಬಿಡಲೇ, ಬದಲಿಸಲೇ? ಏನೇನು ಪರೀಕ್ಷಿಸಬೇಕು?
(ಓದುಗರು, ಮಡಿಕೇರಿ)

ಉತ್ತರ: ಮೂಲದ್ದಕ್ಕೆ ಹಿಂತಿರುಗಿ. ವಿಮೆಯ ಸರ್ವೇಯರ್ ಅಪಘಾತದ ನಂತರ ಮೊದಲು ನೋಡುವುದೇ ಮುಂಭಾಗವನ್ನು. ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮಿಗೆ ತಗಾದೆಯಾಗುತ್ತದೆ.

ಬಿಚ್ಚಿಸುವ ದಿನ ನೀವೇ ಹತ್ತಿರ ನಿಂತಿರಿ. ಬಂಪರ್ ಇಳಿದ ಕೂಡಲೇ ಚಾಸಿಯ ಎರಡೂ ಕೊಂಬುಗಳ (ಬಂಪರ್ ಬಿಗಿಯಲು ಮುಂದಕ್ಕೆ ಚಾಚಿದ ತೊಲೆಗಳು) ತುದಿ ನೋಡಿ: ಗ್ಯಾಸ್ ಕಟ್ಟರಿನಿಂದ ತೂತು ಅಗಲ ಮಾಡಿದ್ದಾರೆಯೇ, ವೆಲ್ಡಿಂಗ್ ಹಾಕಿದ್ದಾರೆಯೇ, ತೂತಿನ ಅಂಚಿನಿಂದ ಕೂದಲೆಳೆಯ ಬಿರುಕು ಹೊರಟಿದೆಯೇ? ತಂತಿ ಬ್ರಷ್ಷಿನಿಂದ ಉಜ್ಜಿ ಟಾರ್ಚ್ ಬಿಟ್ಟು ನೋಡಬೇಕು, ಪೇಂಟಿನ ಕೆಳಗೆ ಬಿರುಕು ಕಾಣುವುದಿಲ್ಲ. ಬಹಳ ಕಡೆ ಹೊಸ ಬಂಪರ್ ಕೂರಿಸಲು ಮೂಲದ ತೊಲೆ ಮತ್ತು ಮಡಚುವ ಪೆಟ್ಟಿಗೆಯನ್ನು ಕತ್ತರಿಸಿ ಬಿಸಾಕಿರುತ್ತಾರೆ. ಆಗ ಪ್ಲಾಸ್ಟಿಕ್ ಮುಖವೊಂದನ್ನೇ ತಂದು ಹಾಕಿದರೆ ಚೆಂದ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಷೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ತೊಲೆ, ಬ್ರಾಕೆಟ್‌ಗಳು, ಮುಖ, ಫಾಗ್ ಲ್ಯಾಂಪ್ ಬ್ರಾಕೆಟ್, ಕ್ಲಿಪ್‌ಗಳ ಪಟ್ಟಿಯನ್ನು ಒಟ್ಟಿಗೆ ತೆಗೆಸಿಕೊಳ್ಳಿ. ಕ್ಲಿಪ್ ಹತ್ತು ಹೆಚ್ಚೇ ಕೊಳ್ಳಿ.

ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯಲೇ ಇಲ್ಲ ಎಂದರೆ ಅದು ಸರಿಯಿದೆ ಅಂತಲ್ಲ; ಯಾರೋ ಬಲ್ಬನ್ನೇ ಮುಚ್ಚಿರಬಹುದು. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ. ಬಂಪರಿನ ಎಲ್‌ಇಡಿ ದೀಪಗಳಿಗೆ ಎಳೆದ ವೈರನ್ನು ಬ್ಯಾಟರಿಯಿಂದ ಬಲ್ಬಿನವರೆಗೆ ಹಿಡಿದು ನೋಡಿ. ಫ್ಯೂಸ್ ಇಲ್ಲದ, ಹೆಡ್‌ಲೈಟ್ ವೈರಿನ ಸಿಪ್ಪೆ ಸುಲಿದು ಸುತ್ತಿದ ಜೋಡಣೆ ಸಿಕ್ಕರೆ ಪೂರ್ತಿ ತೆಗೆಸಿ. ಬೆಂಕಿ ಹುಟ್ಟುವುದು ಅಲ್ಲಿಂದಲೇ.

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಲಾಕ್ ಒಮ್ಮೆ ಬಿಚ್ಚಿದರೆ ಒಡೆಯುತ್ತದೆ. ಮತ್ತೆ ಅಧಿಕೃತವಾಗಿ ಹಾಕಿಸಿಕೊಳ್ಳುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಕೊನೆಯದಾಗಿ ಹೆಡ್‌ಲೈಟ್: ಭಾರ ಇಳಿದ ಮೇಲೆ ಮೂತಿ ಏಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬಿಚ್ಚುವ ಮೊದಲು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಬೆಳಕಿನ ಅಂಚಿಗೆ ಟೇಪ್ ಅಂಟಿಸಿದ್ದರೆ ವ್ಯತ್ಯಾಸ ಎಷ್ಟೆಂದು ಗೊತ್ತಾಗುತ್ತದೆ. ಹಿಂದಿನ ಮಾಲೀಕರು ಭಾರಕ್ಕೆಂದು ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದರೆ ಅದನ್ನೂ ಮೂಲಕ್ಕೆ ತರಬೇಕು.

ಪ್ರಶ್ನೆ: ಥಾರ್ ರಾಕ್ಸ್‌ನ ಅಡಾಸ್ (ರಾಡಾರ್, ಕ್ಯಾಮೆರಾ ನೋಡಿ ತಾನೇ ಎಚ್ಚರಿಸುವ, ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಮಾದರಿ. ಬಂಪರ್ ಬದಲಿಸಿದರೂ ರಾಡಾರ್ ಮತ್ತೆ ಕೂರಿಸಿಕೊಡುತ್ತೇವೆ ಎಂದು ಆಕ್ಸೆಸರಿ ಅಂಗಡಿಯವರು ಹೇಳುತ್ತಾರೆ. ನಂಬಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಕೂರಿಸುವುದು ಸುಲಭ, ಗುರಿ ಕೂರಿಸುವುದು ಕಷ್ಟ. ರಾಡಾರ್ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ದರೆ 100 ಮೀಟರ್ ಮುಂದೆ 1.75 ಮೀಟರ್ ತಪ್ಪುತ್ತದೆ. ಅಂದರೆ ಪಕ್ಕದ ಲೇನಿನ ಲಾರಿಗೆ ನಿಮ್ಮ ಗಾಡಿ ಬ್ರೇಕ್ ಹಿಡಿಯಬಹುದು, ಎದುರಿನ ಬೈಕನ್ನು ಬಿಟ್ಟುಬಿಡಬಹುದು. ರಾಡಾರಿನ ಮುಂದೆ ಲೋಹ ಬಂದರೆ ಅದು ಕುರುಡು. ದಪ್ಪ ಪೇಂಟು, ಸ್ಟಿಕ್ಕರ್ ಕೂಡ ತೊಂದರೆಯೇ. ಜಾಗ ಬದಲಾದ ಮೇಲೆ ಗುರಿಹಲಗೆ ಇಟ್ಟು ಕಂಪನಿಯ ಸಾಧನದಿಂದ ಕ್ಯಾಲಿಬ್ರೇಟ್ ಮಾಡಬೇಕು. ಮೂಲ ಬಂಪರ್ ಇಲ್ಲದ ಗಾಡಿಗೆ ಅದನ್ನು ಲಿಖಿತವಾಗಿ ಮಾಡಿಕೊಡುತ್ತೀರಾ ಎಂದು ಸರ್ವೀಸ್ ಸೆಂಟರಿನಲ್ಲಿ ಮೊದಲು ಕೇಳಿ. ಬರೆದು ಕೊಡದಿದ್ದರೆ ಬಂಪರನ್ನು ಮುಟ್ಟಬೇಡಿ. ರಾಕ್ಸ್‌ನ ಅಪ್ರೋಚ್ ಕೋನ ಕಂಪನಿಯಿಂದಲೇ 41.7 ಡಿಗ್ರಿ ಇದೆ, ಹೊಸ ಬಂಪರ್ ಅದಕ್ಕೆ ಸೇರಿಸುವುದು ಅಷ್ಟಕ್ಕಷ್ಟೇ.

ಅಂಗಡಿಯವರು ‘ಕೋನ ಹೆಚ್ಚುತ್ತದೆ’ ಎಂದರೆ ಟೇಪ್ ಹಿಡಿದು ಅಳೆಯಿರಿ. ಟೈರು ನೆಲ ಮುಟ್ಟುವ ಜಾಗದ ಮುಂಭಾಗದಿಂದ ಬಂಪರಿನ ಅತಿ ಕೆಳಗಿನ ಅಂಚಿಗೆ ಅಡ್ಡ ದೂರ, ನೆಲದಿಂದ ಆ ಅಂಚಿಗೆ ಎತ್ತರ ನೋಡಿ. ಅಡ್ಡ 500 ಮಿ.ಮೀ., ಎತ್ತರ 450 ಇದ್ದರೆ ಸುಮಾರು 42 ಡಿಗ್ರಿ. ಅಂಚು 60 ಮಿ.ಮೀ. ಇಳಿದರೆ ಸಾಕು, 38ಕ್ಕೆ ಬಂತು. ವಿಂಚ್ ಬಂಪರ್‌ಗಳಲ್ಲಿ ಕೆಳತಟ್ಟೆ ಇಳಿದಿರುವುದು ಬಹಳ ಸಾಮಾನ್ಯ.

ಪ್ರಶ್ನೆ: ತಂದೆಯ ಕಾಲದ ಮಹೀಂದ್ರಾ ಎಂಎಂ 540 ಜೀಪ್. ಮುಂದಿನ ಉಕ್ಕಿನ ಚಾನೆಲ್ ಬಂಪರ್ ತುಕ್ಕು ತಿಂದು ತೂತಾಗಿದೆ. ಅದೇ ರೀತಿಯದನ್ನು ಹೊಸದಾಗಿ ಮಾಡಿಸಬೇಕು. ಹೊಲದಲ್ಲಿ ಟ್ರೇಲರ್, ಕೆಲವೊಮ್ಮೆ ಸಿಕ್ಕಿಬಿದ್ದ ಟ್ರ್ಯಾಕ್ಟರ್ ಎಳೆಯುವ ಕೆಲಸವೂ ಇದೆ. ವೆಲ್ಡರ್‌ಗೆ ಏನು ಹೇಳಲಿ?
(ಓದುಗರು, ಕಲಘಟಗಿ)

ಉತ್ತರ: ಇದು ನಿಜಕ್ಕೂ ಮಾಡಿಸಬೇಕಾದ ಕೆಲಸ. ಮೂಲದಲ್ಲೇ ಉಕ್ಕಿನದು, ಏರ್‌ಬ್ಯಾಗ್ ಇಲ್ಲ, ಕೊಂಬಿಗೆ ನೇರ ಬೋಲ್ಟ್. ಹಳೆಯದನ್ನು ಬಿಸಾಡುವ ಮುನ್ನ ಅದರ ಉದ್ದ, ಎತ್ತರ, ದಪ್ಪ, ತೂತುಗಳ ನಡುವಿನ ಅಂತರವನ್ನು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಅಳತೆ ಅದರಂತೆಯೇ ಇರಲಿ, ಉದ್ದ ಮಾಡಿಸಬೇಡಿ.

ಗೇಜ್ ಲೆಕ್ಕದಲ್ಲಿ ಮೋಸ ಹೋಗಬೇಡಿ: ನಂಬರ್ ಹೆಚ್ಚಾದಷ್ಟೂ ಶೀಟು ತೆಳ್ಳಗೆ. 10 ಗೇಜ್ 3.25 ಮಿ.ಮೀ., 12 ಗೇಜ್ 2.64, 16 ಗೇಜ್ ಬರೀ 1.6. ಮಡಚಿದ ಶೀಟಾದರೆ 10 ಗೇಜ್‌ಗಿಂತ ತೆಳ್ಳಗೆ ಬೇಡ. ತಕ್ಕಡಿಗೆ ಹಾಕದೆ ತೂಕ ತಿಳಿಯಬೇಕಾದರೆ ಚದರ ಮೀಟರಿಗೆ ಮಿಲಿಮೀಟರ್ ಒಂದಕ್ಕೆ 7.85 ಕೆ.ಜಿ. ಎಂದು ಗುಣಿಸಿ.

ಎಳೆಯುವ ಕಿವಿ, ಅಂದರೆ ಹಗ್ಗ ಸಿಕ್ಕಿಸಲು ತೂತಿರುವ ಪ್ಲೇಟೇ ಮುಖ್ಯ. 20 ಮಿ.ಮೀ. ಪ್ಲೇಟನ್ನು ಬಂಪರಿನ ಮುಖಕ್ಕೆ ಬರೀ ಅಂಟಿಸಿ ವೆಲ್ಡ್ ಮಾಡಿದರೆ ಒಂದು ದಿನ ಮುಖದ ಸಮೇತ ಕಿತ್ತುಬರುತ್ತದೆ. ಚಾನೆಲ್‌ನಲ್ಲಿ ಸೀಳು ಮಾಡಿ ಪ್ಲೇಟನ್ನು ಹಿಂದಕ್ಕೆ ದಾಟಿಸಿ, ಮುಂದೆ ಹಿಂದೆ ಎರಡೂ ಕಡೆ ವೆಲ್ಡ್ ಮಾಡಿಸಿ, ಹಿಂಬದಿ ಕೊಂಬಿನ ಬ್ರಾಕೆಟ್ಟಿಗೆ ಸೇರಿಸಿ. ಕಿವಿ ಕೊಂಬಿನ ನೇರಕ್ಕೇ ಬರಲಿ. ಬಂಪರಿನ ನಡುಮಧ್ಯೆ ಇಟ್ಟರೆ ಚಾನೆಲ್ ಬಿಲ್ಲಿನಂತೆ ಬಾಗುತ್ತದೆ. ಮುಕ್ಕಾಲು ಇಂಚಿನ ಬೋ ಶ್ಯಾಕಲ್ (ಕಿವಿಗೆ ಹಗ್ಗ ಜೋಡಿಸುವ, ಪಿನ್ ಇರುವ ಉಕ್ಕಿನ ಬಳೆ) 4.75 ಟನ್ನಿನದು. ಅದರ ಪಿನ್ 22 ಮಿ.ಮೀ., ಹಾಗಾಗಿ ತೂತು 25 ಮಿ.ಮೀ. ಇರಲಿ, ಡ್ರಿಲ್ಲಿನಲ್ಲೇ ಕೊರೆಯಿಸಿ. ಗ್ಯಾಸಿನಲ್ಲಿ ಕೊರೆದ ತೂತಿನ ಒರಟು ಅಂಚು ಬಿರುಕಿಗೆ ದಾರಿ. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ 38 ಮಿ.ಮೀ.ಗಿಂತ ಕಡಿಮೆ ಬೇಡ.

ವೆಲ್ಡಿಂಗ್ ರಾಡ್ 7018 ಕೇಳಿ, ಅದನ್ನು ಬಿಸಿ ಓವನ್ನಿನಲ್ಲಿ ಒಣಗಿಸಿ ಬಳಸಬೇಕು. ತೇವ ಹೀರಿದ ರಾಡಿನ ಬೆಸುಗೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರಿಯುತ್ತದೆ. ಬಂಪರನ್ನು ಗಾಡಿಯಿಂದ ಬಿಚ್ಚಿಯೇ ವೆಲ್ಡ್ ಮಾಡಿಸಿ. ಗಾಡಿಯ ಮೇಲೆಯೇ ಮಾಡಲೇಬೇಕಾದರೆ ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಚ್ಚಿಡಿ. ಚಾಸಿಯ ಮೇಲಿನ, ಕೆಳಗಿನ ಪಟ್ಟಿಗಳಿಗೆ ಅಡ್ಡ ವೆಲ್ಡ್ ಯಾರೂ ಹಾಕದಂತೆ ನೋಡಿಕೊಳ್ಳಿ. ಎಲ್ಲ ಬೋಲ್ಟ್ 8.8 ಗ್ರೇಡ್, ತಲೆಯ ಮೇಲೆ ಆ ಗುರುತು ಇರಬೇಕು. ಎಂ12 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿತ, ದಪ್ಪ ವಾಷರ್, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು). ಪೈಪು ಅಥವಾ ಪೆಟ್ಟಿಗೆಯಂಥ ಟೊಳ್ಳಿನ ಮೂಲಕ ಬೋಲ್ಟ್ ಹೋಗುವ ಕಡೆ ಒಳಗೆ ಸ್ಲೀವ್ ಹಾಕದಿದ್ದರೆ ಬಿಗಿದಷ್ಟೂ ಗೋಡೆ ಕುಸಿದು ಬೋಲ್ಟ್ ಸಡಿಲವಾಗುತ್ತಲೇ ಇರುತ್ತದೆ.

ಟ್ರ್ಯಾಕ್ಟರ್ ಎಳೆಯುವಾಗ ಸರಪಳಿಗೆ ಜೋರು ಕೊಟ್ಟು ಜಗ್ಗಬೇಡಿ. ಮೆಲ್ಲಗೆ ಬಿಗಿ ಮಾಡಿಕೊಂಡು ಎಳೆಯಿರಿ. ಸರಪಳಿಯ ಉದ್ದಕ್ಕೂ, ಅದರ ಒಂದೂವರೆಪಟ್ಟು ದೂರದೊಳಗೆ ಯಾರೂ ನಿಲ್ಲದಿರಲಿ.

ಪ್ರಶ್ನೆ: ಕಡಲ ಪಕ್ಕದ ಊರು. ತುಕ್ಕು ಹಿಡಿಯದಂತೆ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಗಾರ್ಡ್ ಹಾಕಿಸಬಹುದೇ?
(ಓದುಗರು, ಕುಂದಾಪುರ)

ಉತ್ತರ: ಮುಂದಿನ ಗಾರ್ಡ್‌ಗೆ ಮೇಲೆ ಹೇಳಿದ ಕಾನೂನೇ ಅನ್ವಯ, ಲೋಹ ಯಾವುದಾದರೂ ಸರಿ. ಹೊಟ್ಟೆಯ ಕೆಳಗಿನ ತಟ್ಟೆ, ಬ್ರಾಕೆಟ್‌ಗಳ ಮಾತಾದರೆ ಕೇಳಿ: ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಸ್‌ಎಸ್ 202 ಕಡಲ ಗಾಳಿಗೆ ಕಂದು ಚುಕ್ಕೆ ಬಿಡುತ್ತದೆ, 304 ಅದಕ್ಕಿಂತ ತಾಳುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವುದರಿಂದ 202, 304ರ ವ್ಯತ್ಯಾಸ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಸಾದಾ ಉಕ್ಕಾದರೆ ಮರಳು ಹೊಡೆಸಿ, ಜಿಂಕ್ ಪ್ರೈಮರ್ ಬಳಿಸಿ, ಆಮೇಲೆ ಮೇಲ್ಲೇಪ. ಪ್ರೈಮರ್ ಇಲ್ಲದ ಪೌಡರ್ ಕೋಟಿಂಗ್‌ಗೆ ಒಂದು ಕಲ್ಲು ತಾಗಿದರೆ ಅಡಿಯಲ್ಲೇ ತುಕ್ಕು ಹರಿದು ಸಿಪ್ಪೆಯಂತೆ ಏಳುತ್ತದೆ. ಟೊಳ್ಳು ಭಾಗದ ಕೆಳಗೆ 10 ಮಿ.ಮೀ. ತೂತು ಬಿಟ್ಟಿರಲಿ, ನೀರು ನಿಲ್ಲಬಾರದು. ಮರವಂತೆ ಮರಳಿಗೆ ಇಳಿದ ದಿನವೇ ಸಿಹಿನೀರಲ್ಲಿ ತೊಳೆಯಿರಿ.

ಪ್ರಶ್ನೆ: ಪರ್ತ್‌ನಲ್ಲಿದ್ದೇವೆ. ಪ್ರಾಡೊ 150, 2.8 ಡೀಸೆಲ್. ಕಿಂಬರ್ಲಿ ಕಡೆ ಗಿಬ್ ರಿವರ್ ರಸ್ತೆಗೆ ಹೊರಟಿದ್ದೇವೆ. ಇಲ್ಲಿ ಬುಲ್ ಬಾರ್ ಎಲ್ಲರೂ ಹಾಕುತ್ತಾರೆ. ಉಕ್ಕೋ ಅಲ್ಯೂಮಿನಿಯಮ್ಮೋ, ವಿಂಚ್ ಬೇಕೋ ಬೇಡವೋ?
(ಓದುಗರು, ಪಶ್ಚಿಮ ಆಸ್ಟ್ರೇಲಿಯಾ)

ಉತ್ತರ: ಅಲ್ಲಿ ಇದು ಅಲಂಕಾರವಲ್ಲ. ದೊಡ್ಡ ಗಂಡು ಕಾಂಗರೂ 80 ಕೆ.ಜಿ. ದಾಟುತ್ತದೆ. ಮುಸ್ಸಂಜೆ, ನಸುಕಿನಲ್ಲಿ ರಸ್ತೆಗೆ ಹಾರಿ ರೇಡಿಯೇಟರ್ ಒಡೆದರೆ ಮುಂದಿನ ಊರು ನೂರಾರು ಕಿಲೋಮೀಟರ್ ದೂರ. ಅಲ್ಲಿನ ನಿಯಮವೂ ಅದನ್ನು ಒಪ್ಪಿ ಚೌಕಟ್ಟು ಹಾಕಿದೆ. ಬಾರ್ ಆಸ್ಟ್ರೇಲಿಯಾದ ಎಎಸ್ 4876.1–2002 ಮಾನದಂಡಕ್ಕೆ ಸರಿಹೊಂದಬೇಕು, ನಿಮ್ಮ ಮಾದರಿ ಮತ್ತು ವರ್ಷಕ್ಕೇ ಏರ್‌ಬ್ಯಾಗ್ ಹೊಂದಾಣಿಕೆ ಪರೀಕ್ಷಿಸಿದ್ದಾಗಿರಬೇಕು. ತಯಾರಕರು ಅದನ್ನು ಲಿಖಿತವಾಗಿ ಕೊಡುತ್ತಾರೆ. ‘ಪ್ರಾಡೊಗೆ ಹೊಂದುತ್ತದೆ’ ಎಂಬ ಬಾಯಿಮಾತು ಸಾಲದು. ಮೀನಿನ ಗಾಳದ ಕೋಲು ಸಿಕ್ಕಿಸುವ ಕೊಳವೆಯಂಥ ಚಾಚು ವಸ್ತುಗಳನ್ನು ಬಾರ್ ಮೇಲೆ ಮುಂದಕ್ಕೆ ಚಾಚುವಂತೆ ಬಿಗಿಯಬೇಡಿ.

ಉಕ್ಕು ಬಾಗಿದರೆ ದಾರಿಯ ಯಾವುದೇ ಗ್ಯಾರೇಜಿನಲ್ಲಿ ಬಡಿದು ನೇರ ಮಾಡಬಹುದು, ಬೆಸೆಯಬಹುದು. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ. ಆದರೆ ಜೋರು ಏಟಿಗೆ ಸೀಳುತ್ತದೆ, ರಿಪೇರಿಗೆ ಬೇರೆ ವೆಲ್ಡಿಂಗ್ ಬೇಕು. ನಿಮ್ಮ ದಾರಿಗೆ ಮೂರು ಕಮಾನಿನ ಉಕ್ಕಿನದೇ ನಮ್ಮ ಆಯ್ಕೆ. ನಗರದಲ್ಲೇ ಹೆಚ್ಚು ಓಡಿಸಿ ಅಪರೂಪಕ್ಕೆ ಹೊರಡುವವರಿಗೆ ಅಲ್ಯೂಮಿನಿಯಂ ಸರಿ.

ವಿಂಚ್‌ಗೆ ಒಟ್ಟು ತೂಕದ ಒಂದೂವರೆಪಟ್ಟು ಲೆಕ್ಕ. ಪ್ರಾಡೊ 150ರ ಜಿವಿಎಂ (ಗರಿಷ್ಠ ಒಟ್ಟು ತೂಕ) 2,990 ಕೆ.ಜಿ., ಹಾಗಾಗಿ 4,485 ಕೆ.ಜಿ. ಬೇಕು. ಪೌಂಡ್ ಲೆಕ್ಕದ 9,500ರ ವಿಂಚ್ 4,309 ಕೆ.ಜಿ.ಯಷ್ಟೇ ಎಳೆಯುತ್ತದೆ, ಅದೂ ಡ್ರಮ್ಮಿನ ಮೊದಲ ಸುತ್ತಿನಲ್ಲಿ ಮಾತ್ರ. ಮೇಲೆ ಸುತ್ತು ಹೆಚ್ಚಿದಂತೆ ಬಲ ಇಳಿಯುತ್ತದೆ. ಕೊಳ್ಳುವುದಾದರೆ 12,000 ಪೌಂಡಿನದು, ಉಕ್ಕಿನ ತಂತಿಯ ಬದಲು ಸಿಂಥೆಟಿಕ್ ಹಗ್ಗದ್ದು. ಆದರೆ ಒಣಗಾಲದಲ್ಲಿ ಗಿಬ್ ರಿವರ್ ರಸ್ತೆಯ ಕಷ್ಟ ಕೆಸರಲ್ಲ. ಅಲೆಅಲೆಯಾದ ಗಟ್ಟಿ ಮಣ್ಣು, ಚೂಪು ಕಲ್ಲು. ಜೊತೆಗೆ ಇನ್ನೊಂದು ಗಾಡಿಯಿದ್ದರೆ ವಿಂಚ್ ಬಿಟ್ಟು ಆ ತೂಕಕ್ಕೆ ಎರಡನೇ ಸ್ಪೇರ್ ಟೈರ್ ಒಯ್ಯಿರಿ. ವಿಂಚ್ ಕೂರಿಸುವ ಜಾಗ ಇರುವ ಬಾರ್ ಕೊಂಡರೆ ಮುಂದೆ ಸೇರಿಸಿಕೊಳ್ಳಬಹುದು.

ಹೊರಡುವ ಮುನ್ನ ಪೂರ್ತಿ ಸಾಮಾನು, ಜನ, ತುಂಬಿದ ಟ್ಯಾಂಕಿನೊಂದಿಗೆ ವೇಬ್ರಿಜ್‌ನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಗಿಸಿ. ಒಟ್ಟು ತೂಕ ಮಿತಿಯೊಳಗಿದ್ದೂ ಮುಂದಿನ ಆಕ್ಸಲ್ ಮಿತಿ ಮೀರಿರಬಹುದು. ಸ್ಪ್ರಿಂಗ್ ಕೊಳ್ಳುವಾಗ ಬಾರ್ ಮತ್ತು ವಿಂಚಿನ ನಿಜ ತೂಕ ಹೇಳಿ. ವಿಂಚ್ ಇಲ್ಲದೆ ವಿಂಚಿನ ಸ್ಪ್ರಿಂಗ್ ಹಾಕಿದರೆ ಮೂತಿ ಎತ್ತರ ನಿಂತು ಸವಾರಿ ಒರಟಾಗುತ್ತದೆ. ಗ್ರಿಲ್‌ನ ಟೊಯೋಟಾ ಲಾಂಛನದ ಹಿಂದೆ ರಾಡಾರ್ ಇರುವ ಮಾದರಿಯಾದರೆ ಬಾರಿನ ನಡುಕಮಾನು, ಬಾರ್ ಮೇಲಿನ ದೀಪ ಅದಕ್ಕೆ ಅಡ್ಡ ಬರಬಾರದು. ದೀಪಗಳು ರೇಡಿಯೇಟರಿಗೆ ಗಾಳಿ ತಡೆದರೂ ಟ್ರೇಲರ್ ಎಳೆಯುವಾಗ ಎಂಜಿನ್ ಬಿಸಿಯೇರುತ್ತದೆ. ಬಾರ್ ಹಾಕಿದ ಮೇಲೆ ಮೊದಲ 500 ಕಿ.ಮೀ.ಗೆ ಒಮ್ಮೆ, ಅಲೆಮಣ್ಣಿನ ರಸ್ತೆಯಲ್ಲಿ ಪ್ರತಿ ಸಂಜೆ ಒಮ್ಮೆ ಬೋಲ್ಟ್ ನೋಡಿ. ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಯಾವುದು ಸಡಿಲವಾಗಿದೆ ಎಂಬುದು ಪಾನೆ ಹಿಡಿಯದೆಯೇ ಕಾಣುತ್ತದೆ.